ಆ ದಿನವೂ ಬೆಳಗಾಯಿತು

ಸಂಜೆಯ ಜಪಸರ ಮುಗಿದಿದೆ. ಅಮ್ಮ ಅನ್ನಕ್ಕಿಡಲು ಏಳುತ್ತಾಳೆ. ಹತ್ತನೆಯ ತರಗತಿಯಲ್ಲಿ ಓದುವ ಮಗಳು ಮೊಬೈಲಿನಲ್ಲಿ ಏನನ್ನೋ ನೋಡಿ, “ಅಮ್ಮಾ, ಇನ್ನು ಎರಡೇ ವರ್ಷಕ್ಕೆ ಪ್ರಪಂಚ ಮುಗಿಯುತ್ತದಂತೆ. ಬೈಬಲಿನಲ್ಲೇ ಲೆಕ್ಕ ಇದೆಯಂತೆ. ಹಾಗಾದರೆ ನಾನು ಪರೀಕ್ಷೆಗೆ ಓದುವುದಾದರೂ ಯಾಕೆ?” ಎಂದು ಕೇಳುತ್ತಾಳೆ. “ಸುಮ್ಮನಿರು, ಅದೆಲ್ಲ ಸುಳ್ಳು” ಎಂದು ಅಮ್ಮ ಗದರುತ್ತಾಳೆ. ಮಗಳು ಸುಮ್ಮನಾಗುತ್ತಾಳೆ. ಪ್ರಶ್ನೆ ಮಾತ್ರ ಅವಳ ಮನಸ್ಸಿನಲ್ಲೇ ಉಳಿಯುತ್ತದೆ.

ಪ್ರಿಯ ಓದುಗರೇ, ಇಂಥ ಪ್ರಶ್ನೆ ಇಂದು ಯಾರ ಮನೆಯಲ್ಲಾದರೂ ಏಳಬಹುದು. ಗದರಿಸಿದ ಮಾತ್ರಕ್ಕೆ ಅದು ಪರಿಹಾರವಾಗುವುದಿಲ್ಲ. ಏಕೆಂದರೆ ಪ್ರಭು ಯೇಸು ಮರಳಿ ಬರುವರೆಂದು ನಾವೇ ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಹೇಳುತ್ತೇವೆ. ಹಾಗಿದ್ದಮೇಲೆ “ಇಂಥ ದಿನ ಬರುವರು” ಎನ್ನುವವರ ಮಾತಿನಲ್ಲಿ ತಪ್ಪೇನು? ಈ ವಾರ ಇದನ್ನೇ ಮನೆಮಂದಿಯೆಲ್ಲ ಕೂಡಿ ಅಭ್ಯಾಸ ಮಾಡೋಣ.

ನಮ್ಮೂರಿನ ಎರಡು ಎಚ್ಚರಿಕೆಗಳು

ಮೊದಲು ನಮ್ಮ ಸಾಗರ, ಹೊಸನಗರದ ಕಡೆಯ ಒಂದು ನೆನಪು. 1962ರ ಫೆಬ್ರವರಿ 3ರಿಂದ 5ರವರೆಗೆ ಮಕರ ರಾಶಿಯಲ್ಲಿ ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ ಒಟ್ಟಿಗೆ ಕೂಡಿದವು. ಕೇತುವನ್ನೂ ಸೇರಿಸಿ ಅದಕ್ಕೆ ‘ಅಷ್ಟಗ್ರಹ ಕೂಟ’ ಎಂದರು. ಪ್ರಳಯವಾಗುತ್ತದೆ, ಭೂಮಿ ಬಿರಿಯುತ್ತದೆ ಎಂಬ ಸುದ್ದಿ ದೇಶದ ತುಂಬ ಹಬ್ಬಿತು. ಊರೂರುಗಳಲ್ಲಿ ಹೋಮ ಹವನಗಳು ನಡೆದವು. ಅನೇಕರು ಪ್ರಯಾಣಗಳನ್ನು ನಿಲ್ಲಿಸಿದರು, ಶುಭಕಾರ್ಯಗಳನ್ನು ಮುಂದೂಡಿದರು. ಫೆಬ್ರವರಿ 6ರಂದು ಎಂದಿನಂತೆ ಬೆಳಗಾಯಿತು. ಹಸುಗಳನ್ನು ಕರೆಯಬೇಕಿತ್ತು, ಕರೆದರು.

ಆದರೆ ಅದೇ ವರ್ಷಗಳಲ್ಲಿ ಶರಾವತಿಯ ದಂಡೆಯಲ್ಲಿ ಇನ್ನೊಂದು ಎಚ್ಚರಿಕೆ ಇತ್ತು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲುವುದೆಂದು ಲೆಕ್ಕವಾಗಿತ್ತು. ಯಾವ ಗದ್ದೆ, ಯಾವ ತೋಟ, ಯಾವ ಮನೆ ಮುಳುಗುವುದೆಂದು ಅಳತೆ ಮಾಡಿದವರಿಗೆ ಗೊತ್ತಿತ್ತು. 1964ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು, ನೀರು ಬಂತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಗದ್ದೆ ತೋಟಗಳ ಸಮೇತ ನೀರಿನಡಿಗೆ ಹೋದವು. ಅಲ್ಲಿ ಹುಟ್ಟಿ ಬೆಳೆದವರ ಪಾಲಿಗೆ ಒಂದು ಪ್ರಪಂಚವೇ ಮುಗಿಯಿತು. ‘ಮುಳುಗಡೆ’ ಎಂಬ ಮಾತು ನಮ್ಮ ಕಡೆಯ ಹಿರಿಯರಿಗೆ ಇಂದಿಗೂ ಬರಿಯ ಶಬ್ದವಲ್ಲ.

ಎರಡು ಎಚ್ಚರಿಕೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು, ದಿನ ಹೇಳಿ ಎಲ್ಲರನ್ನೂ ನಡುಗಿಸಿತು, ಏನೂ ಆಗಲಿಲ್ಲ. ಇನ್ನೊಂದಕ್ಕೆ ಗ್ರಹಗಳ ಹಂಗಿರಲಿಲ್ಲ, ಅದು ನಿಜವಾಯಿತು. ಆಗ ಜನರಿಗೆ ಬೇಕಾಗಿದ್ದದ್ದು ಗಾಡಿ, ಎತ್ತು, ಸಾಮಾನು ಹೊರಲು ನಾಲ್ಕು ಕೈ, ಹೊಸ ಜಾಗದಲ್ಲಿ ಗುಡಿಸಲು ಕಟ್ಟಲು ನೆರೆಯವರ ನೆರವು. ಬೇಕಾಗಿದ್ದದ್ದು ನ್ಯಾಯ ಕೂಡ. ಕೊಟ್ಟ ನೆಲದ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಅಲೆದ ಕುಟುಂಬಗಳು ನಮ್ಮ ಸುತ್ತಲೇ ಇವೆ. ಮನುಷ್ಯನ ಪಾಲಿಗೆ ನಿಜವಾಗಿಯೂ ಅಂತ್ಯ ಬಂದಾಗ ಅವನಿಗೆ ಬೇಕಾಗುವುದು ತಾರೀಖಲ್ಲ, ಜೊತೆಗಾರ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು, ಬೈಬಲನ್ನೇ ಕೈಯಲ್ಲಿ ಹಿಡಿದು ದಿನ ಗೊತ್ತುಮಾಡಿದವರ ಕಥೆಗೆ ಬರೋಣ.

ಲೆಕ್ಕ ಹಾಕಿದವರು

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತನಿದ್ದ. ಪ್ರಾಮಾಣಿಕ, ದೈವಭಕ್ತ. ದಾನಿಯೇಲನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಬರುವ 2300 ದಿನಗಳನ್ನು ಅವನು 2300 ವರ್ಷಗಳೆಂದು ಎಣಿಸಿದ. ಕ್ರಿಸ್ತಪೂರ್ವ 457ರಿಂದ ಲೆಕ್ಕ ಹಿಡಿದು, 1843ರ ಸುಮಾರಿಗೆ ಪ್ರಭು ಬರುವರೆಂದು ಸಾರಿದ. 1844ರ ಮಾರ್ಚ್ ಕಳೆಯಿತು, ಏನೂ ಆಗಲಿಲ್ಲ. ಅವನ ಅನುಯಾಯಿಗಳು ಲೆಕ್ಕ ತಿದ್ದಿ 1844ರ ಅಕ್ಟೋಬರ್ 22 ಎಂದರು. ಸಾವಿರಾರು ಜನ ನಂಬಿದರು. ಕೆಲವರು ಹೊಲದ ಬೆಳೆಯನ್ನು ಕೊಯ್ಯದೆ ಬಿಟ್ಟರು. ಆ ರಾತ್ರಿ ಕಾದರು, ಹಾಡಿದರು, ಅತ್ತರು. ಆ ದಿನವೂ ಬೆಳಗಾಯಿತು. ಚರಿತ್ರೆಯಲ್ಲಿ ಅದಕ್ಕೆ ‘ಮಹಾ ನಿರಾಶೆ’ ಎಂಬ ಹೆಸರೇ ನಿಂತಿದೆ.

ಮಿಲ್ಲರ್ ತನ್ನ ಲೆಕ್ಕ ತಪ್ಪಾಯಿತೆಂದು ಒಪ್ಪಿಕೊಂಡ. ಆದರೆ ಅನುಯಾಯಿಗಳಲ್ಲಿ ಒಂದು ಗುಂಪು, ‘ದಿನ ಸರಿಯೇ, ಆದರೆ ನಡೆದದ್ದು ಭೂಮಿಯಲ್ಲಲ್ಲ, ಸ್ವರ್ಗದಲ್ಲಿ’ ಎಂದಿತು. ಇವರಿಂದಲೇ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ರೂಪುಗೊಂಡಿತು. ಆ ಸಭೆ ಮತ್ತೆ ತಾರೀಖು ಹೇಳುವ ಗೋಜಿಗೆ ಹೋಗಲಿಲ್ಲ. ಶಾಲೆ, ಆಸ್ಪತ್ರೆಗಳನ್ನು ಕಟ್ಟಿತು. ಇದನ್ನು ನಾವು ಗೌರವದಿಂದಲೇ ನೆನೆಯಬೇಕು.

ಅದೇ ನಿರೀಕ್ಷೆಯ ಇನ್ನೊಂದು ಟಿಸಿಲು ಚಾರ್ಲ್ಸ್ ಟೇಜ್ ರಸೆಲ್ ಅವರ ಬಳಗ. ಇವರೇ 1931ರಿಂದ ‘ಯೆಹೋವನ ಸಾಕ್ಷಿಗಳು’ ಎಂಬ ಹೆಸರು ಪಡೆದವರು. ಕನ್ನಡದಲ್ಲಿ ‘ಕಾವಲಿನಬುರುಜು’, ‘ಎಚ್ಚರ!’ ಎಂಬ ಪತ್ರಿಕೆಗಳನ್ನು ಹಿಡಿದು ಇಬ್ಬರಿಬ್ಬರಾಗಿ ಮನೆ ಬಾಗಿಲಿಗೆ ಬರುವವರನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ರಸೆಲ್ 1912ರಲ್ಲಿ ಭಾರತಕ್ಕೂ ಬಂದು ತಿರುವಾಂಕೂರಿನಲ್ಲಿ ಉಪದೇಶ ಮಾಡಿದ್ದರು. ಆ ಹೊತ್ತಿಗೆ ಅವರ ಅನುಯಾಯಿಗಳು 1914ಕ್ಕಾಗಿ ಕಾಯುತ್ತಿದ್ದರು. ಆ ವರ್ಷ ಲೋಕದ ರಾಜ್ಯಗಳೆಲ್ಲ ಅಳಿದು ದೇವರ ರಾಜ್ಯ ಬರುವುದೆಂಬುದು ಅವರ ಲೆಕ್ಕ.

1914ರಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಲೆಕ್ಕ ನಿಜವಾಯಿತೆಂದು ಅವರಿಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಯುದ್ಧ ಮುಗಿಯಿತು, ರಾಜ್ಯಗಳು ಉಳಿದವು. ರಸೆಲ್ 1916ರಲ್ಲೇ ತೀರಿಕೊಂಡಿದ್ದರು. ಕ್ರಿಸ್ತನು ಆ ವರ್ಷ ಕಣ್ಣಿಗೆ ಕಾಣದಂತೆ ಸ್ವರ್ಗದಲ್ಲಿ ಅರಸನಾದನು ಎಂಬುದು ಅನಂತರ ಗಟ್ಟಿಯಾದ ವಿವರಣೆ.

ಅವರ ನಂತರ ಬಂದ ಜೋಸೆಫ್ ರದರ್‌ಫರ್ಡ್ 1920ರ ಒಂದು ಪುಸ್ತಿಕೆಯಲ್ಲಿ, ಆಗ ಬದುಕಿರುವವರಲ್ಲಿ ಲಕ್ಷಾಂತರ ಜನ ಸಾಯುವುದೇ ಇಲ್ಲವೆಂದು ಬರೆದರು. 1925ರಲ್ಲಿ ಅಬ್ರಹಾಮ, ಇಸಾಕ, ಯಕೋಬ ಮೊದಲಾದ ಪೂರ್ವಜರು ಎದ್ದು ಬರುವರೆಂದು ನಿರೀಕ್ಷೆ ಹುಟ್ಟಿಸಿದರು. ಯಾರೂ ಬರಲಿಲ್ಲ. ಹಾಗಿದ್ದರೂ 1929ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ಊರಿನಲ್ಲಿ, ಎದ್ದು ಬರುವ ಪೂರ್ವಜರಿಗಾಗಿಯೇ ಎಂದು ಒಂದು ದೊಡ್ಡ ಮನೆ ಕಟ್ಟಲಾಯಿತು. ಅದರಲ್ಲಿ ವಾಸವಾಗಿದ್ದವರು ರದರ್‌ಫರ್ಡ್. 1948ರಲ್ಲಿ ಆ ಮನೆ ಮಾರಾಟವಾಯಿತು.

ಮೂರನೆಯ ದಿನಾಂಕ ನಮ್ಮಲ್ಲಿ ಅನೇಕರ ಜೀವಿತಕಾಲದ್ದೇ. ಆದಾಮನ ಸೃಷ್ಟಿ ಕ್ರಿಸ್ತಪೂರ್ವ 4026ರಲ್ಲಿ ಆಯಿತೆಂದು ಹಿಡಿದರೆ 1975ಕ್ಕೆ ಸರಿಯಾಗಿ 6000 ವರ್ಷ. ಏಳನೆಯ ಸಾವಿರ ವರ್ಷ ವಿಶ್ರಾಂತಿಯ ಕಾಲ. 1966ರಲ್ಲಿ ಅವರ ಗ್ರಂಥವೊಂದು ಈ ಲೆಕ್ಕವನ್ನು ಮುಂದಿಟ್ಟಿತು. ‘ಅಂದೇ ಅಂತ್ಯ’ ಎಂದು ನೇರವಾಗಿ ಹೇಳಲಿಲ್ಲ, ನಿಜ. ಆದರೆ 1969ರಲ್ಲಿ ಅವರ ಪತ್ರಿಕೆ ಯುವಜನರಿಗೆ, ಈ ವ್ಯವಸ್ಥೆಯಲ್ಲಿ ನೀವು ಮುದುಕರಾಗುವುದೇ ಇಲ್ಲ, ದೊಡ್ಡ ಉದ್ಯೋಗಗಳ ಯೋಚನೆ ಬೇಡ ಎಂಬ ಅರ್ಥದ ಬುದ್ಧಿವಾದ ಹೇಳಿತು. 1974ರಲ್ಲಿ, ಮನೆ ಆಸ್ತಿ ಮಾರಿ ಉಳಿದ ಸ್ವಲ್ಪ ಕಾಲವನ್ನು ಪ್ರಚಾರಕ್ಕೆ ಮುಡಿಪಾಗಿಟ್ಟವರನ್ನು ಅವರ ಒಳಪತ್ರಿಕೆ ಮೆಚ್ಚಿಕೊಂಡಿತು.

1975 ಬಂತು, ಹೋಯಿತು.

ಬೆಳಗಾದ ಮೇಲೆ ಏನು ಹೇಳಿದರು?

ನಾವು ಅಭ್ಯಾಸ ಮಾಡಬೇಕಾದದ್ದು ಇಲ್ಲಿದೆ. ಲೆಕ್ಕ ತಪ್ಪುವುದು ಮನುಷ್ಯ ಸಹಜ. ಆದರೆ ತಪ್ಪಿದ ಮರುದಿನ ಏನು ಹೇಳುತ್ತೇವೆ ಎಂಬುದರಲ್ಲಿ ನಮ್ಮ ಸತ್ಯಸಂಧತೆ ಬಯಲಾಗುತ್ತದೆ. ಸಾಮಾನ್ಯವಾಗಿ ನಾಲ್ಕು ಬಗೆಯ ಉತ್ತರಗಳು ಬರುತ್ತವೆ.

ಒಂದು: “ನಡೆಯಬೇಕಾದದ್ದು ನಡೆಯಿತು, ನಿಮ್ಮ ಕಣ್ಣಿಗೆ ಕಾಣಲಿಲ್ಲ.” 1844ಕ್ಕೂ 1914ಕ್ಕೂ ಬಂದ ಉತ್ತರ ಇದು. ಕಾಣದ್ದನ್ನು ಯಾರೂ ಸುಳ್ಳೆಂದು ತೋರಿಸಲಾರರು.

ಎರಡು: “ಕೂಡುವುದರಲ್ಲಿ ತಪ್ಪಾಗಿತ್ತು, ಸರಿಯಾದ ದಿನ ಇದು.” ಹೀಗೆ ಒಂದು ಗಡುವು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ.

ಮೂರು: “ನಾವು ಹಾಗೆ ಹೇಳಲೇ ಇಲ್ಲ, ನೀವೇ ತಪ್ಪು ತಿಳಿದಿರಿ.” ನಂಬಿದವರ ಮೇಲೆಯೇ ತಪ್ಪು ಹೊರಿಸುವ ಈ ಉತ್ತರ ಎಲ್ಲಕ್ಕಿಂತ ಕ್ರೂರವಾದದ್ದು. 1975ರ ನಂತರ ಮೊದಲು ಕೇಳಿಬಂದದ್ದು ಬಹುಮಟ್ಟಿಗೆ ಇಂಥದೇ. ಐದು ವರ್ಷ ಕಳೆದು 1980ರ ಮಾರ್ಚ್ ತಿಂಗಳಲ್ಲಿ, ಆ ನಿರೀಕ್ಷೆ ಬೆಳೆಯುವುದರಲ್ಲಿ ಪ್ರಕಟಿಸಿದವರ ಪಾಲೂ ಇತ್ತೆಂದು ಅವರ ಪತ್ರಿಕೆ ಒಪ್ಪಿತು.

ನಾಲ್ಕು: “ನಾವು ತಪ್ಪಿದೆವು. ಕ್ಷಮಿಸಿ.” ಇದು ಬಲು ಅಪರೂಪ.

ಈ ನಾಲ್ಕರ ಪೈಕಿ ಹೆಚ್ಚಿನವನ್ನು ಒಬ್ಬನೇ ಮನುಷ್ಯನ ಬಾಯಲ್ಲಿ ಕೇಳಬೇಕಾದರೆ ಅಮೆರಿಕದ ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೋ ಬೋಧಕನನ್ನು ನೆನೆಯಬೇಕು. ಅವನು ಮೊದಲು 1994ರ ಸೆಪ್ಟೆಂಬರ್ ಎಂದಿದ್ದ. ಆಮೇಲೆ ಲೆಕ್ಕ ತಿದ್ದಿ 2011ರ ಮೇ 21 ಎಂದ. ಜಗತ್ತಿನ ಅನೇಕ ದೇಶಗಳಲ್ಲಿ ಜಾಹೀರಾತು ಫಲಕಗಳು ನಿಂತವು. ಜೀವಮಾನದ ಉಳಿತಾಯವನ್ನು ಅದಕ್ಕೆ ಸುರಿದವರಿದ್ದರು. ಮೇ 22ರ ಬೆಳಿಗ್ಗೆ ಎಲ್ಲವೂ ಇದ್ದ ಹಾಗೆಯೇ ಇತ್ತು. ‘ಅಂದು ನಡೆದದ್ದು ಆತ್ಮಿಕ ತೀರ್ಪು, ನಿಜವಾದ ಅಂತ್ಯ ಅಕ್ಟೋಬರ್ 21ಕ್ಕೆ’ ಎಂದ. ಅದೂ ಕಳೆಯಿತು. ಕೊನೆಗೆ 2012ರ ಮಾರ್ಚ್ ತಿಂಗಳಲ್ಲಿ, ದಿನ ಹೇಳಿದ್ದು ತಪ್ಪು ಮಾತ್ರವಲ್ಲ ಪಾಪವೂ ಆಗಿತ್ತೆಂದು ಬರೆದು ಒಪ್ಪಿಕೊಂಡ. ಆಗ ಅವನ ವಯಸ್ಸು ತೊಂಬತ್ತು. 2013ರಲ್ಲಿ ತೀರಿಕೊಂಡ. ಅವನ ತಪ್ಪನ್ನು ಲೋಕ ನೆನಪಿಟ್ಟುಕೊಂಡಿದೆ; ಆ ಒಪ್ಪಿಗೆಯನ್ನೂ ನಾವು ನೆನಪಿಡೋಣ.

ಮಾತು ಸುಳ್ಳಾದ ಮೇಲೂ ಜನ ಬಿಟ್ಟುಹೋಗುವುದಿಲ್ಲವೇಕೆ ಎಂದು ನೀವು ಕೇಳಬಹುದು. ಕೆಲವರು ಹೋಗುತ್ತಾರೆ. 1975ರ ನಂತರ ಯೆಹೋವನ ಸಾಕ್ಷಿಗಳ ಸಂಖ್ಯೆ ಸ್ವಲ್ಪ ಕಾಲ ಇಳಿದು ಮತ್ತೆ ಏರಿತು. ಇಂದು ಜಗತ್ತಿನಲ್ಲಿ ಅವರು 80 ಲಕ್ಷಕ್ಕೂ ಮೀರಿದ್ದಾರೆ. ಉಳಿದವರೆಲ್ಲ ಮೂಢರೆಂದು ತಿಳಿಯಬೇಡಿ. ಅವರ ಸ್ನೇಹಿತರು ಅಲ್ಲಿದ್ದಾರೆ, ಮಡದಿ ಮಕ್ಕಳು ಅಲ್ಲಿದ್ದಾರೆ. ಕಾಯಿಲೆ ಬಿದ್ದಾಗ ನೋಡಲು ಬಂದವರು ಅಲ್ಲಿಯವರು. ಆಸ್ತಿಯನ್ನೋ ಓದನ್ನೋ ಬಿಟ್ಟುಬಂದ ಮನುಷ್ಯನಿಗೆ “ಎಲ್ಲವೂ ವ್ಯರ್ಥವಾಯಿತು” ಎಂದು ಒಪ್ಪಿಕೊಳ್ಳುವುದಕ್ಕಿಂತ ಇನ್ನೊಂದು ದಿನಾಂಕಕ್ಕಾಗಿ ಕಾಯುವುದೇ ಹಗುರವೆನಿಸುತ್ತದೆ. ಅವರ ಧೈರ್ಯವನ್ನೂ ಅಲ್ಲಗಳೆಯಲಾಗದು. ಕೇರಳದ ಈ ಪಂಗಡದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲಿಲ್ಲವೆಂದು ಹೊರಹಾಕಲ್ಪಟ್ಟಾಗ, 1986ರಲ್ಲಿ ಸುಪ್ರೀಂ ಕೋರ್ಟ್ ಅವರ ಮನಸ್ಸಾಕ್ಷಿಯ ಹಕ್ಕನ್ನು ಎತ್ತಿಹಿಡಿಯಿತು. ಆ ತೀರ್ಪಿನ ನೆರಳು ನಮಗೂ ಉಂಟು.

ಬೆಲೆ ತೆತ್ತವರು ಯಾರು?

ಮಕ್ಕಳು. ದಿನ ಗೊತ್ತುಮಾಡಿದವರಿಗೆ ಸಾಮಾನ್ಯವಾಗಿ ಸೂರು ಇರುತ್ತದೆ, ಊಟ ಇರುತ್ತದೆ. ಓದು ಬಿಟ್ಟ ಹುಡುಗನಿಗೆ ಮೂವತ್ತು ವರ್ಷವಾದಾಗ ಕೈಯಲ್ಲಿ ಕಸುಬಿರುವುದಿಲ್ಲ. ಮನೆ ಮಾರಿದವನ ಹೆಂಡತಿ ಬಾಡಿಗೆ ಮನೆಯಲ್ಲಿ ಮುದುಕಿಯಾಗುತ್ತಾಳೆ. ಲೆಕ್ಕ ತಪ್ಪಿದ್ದು ಒಂದು ಕಡೆ, ಬೆಲೆ ತೆತ್ತದ್ದು ಇನ್ನೊಂದು ಕಡೆ.

ಕೆಲವೊಮ್ಮೆ ಬೆಲೆ ಇದಕ್ಕಿಂತಲೂ ಘೋರ. ಉಗಾಂಡ ದೇಶದಲ್ಲಿ ‘ದೇವರ ಹತ್ತು ಆಜ್ಞೆಗಳ ಪುನಃಸ್ಥಾಪನಾ ಚಳವಳಿ’ ಎಂಬ ಗುಂಪು ಹುಟ್ಟಿತು. ಅದನ್ನು ನಡೆಸಿದವರು ಕಥೋಲಿಕ ಹಿನ್ನೆಲೆಯವರೇ. ಧರ್ಮಸಭೆಯ ಶಿಸ್ತಿನಿಂದ ಸಿಡಿದು ಹೋದ ಗುರುವೂ ಅವರಲ್ಲಿದ್ದ. ದೇವಮಾತೆಯ ದರ್ಶನದ ಹೆಸರಿನಲ್ಲಿ, 1999ರ ಡಿಸೆಂಬರ್ 31ಕ್ಕೆ ಲೋಕ ಮುಗಿಯುವುದೆಂದು ಸಾರಿದರು. ಜನ ಇದ್ದದ್ದನ್ನು ಮಾರಿ ಬಂದು ಸೇರಿದರು. 2000ದ ಜನವರಿ ಬಂದಾಗ ಕೊಟ್ಟದ್ದನ್ನು ಮರಳಿ ಕೇಳುವವರು ಹುಟ್ಟಿಕೊಂಡರು. ಹೊಸ ದಿನ ಹೇಳಲಾಯಿತು. ಮಾರ್ಚ್ 17ರಂದು ಕನುಂಗು ಎಂಬಲ್ಲಿ ಅವರ ಪ್ರಾರ್ಥನಾಲಯಕ್ಕೆ ಬೆಂಕಿ ಬಿದ್ದು ಒಳಗಿದ್ದ ನೂರಾರು ಜನ, ಮಕ್ಕಳೂ ಸೇರಿ, ಸುಟ್ಟುಹೋದರು. ಬೇರೆ ಕಡೆಗಳಲ್ಲಿ ಹೂತಿಟ್ಟ ಇನ್ನೂ ನೂರಾರು ಶವಗಳು ಸಿಕ್ಕವು. 2023ರಲ್ಲಿ ಕೀನ್ಯದ ಶಕಹೋಲ ಕಾಡಿನಲ್ಲಿ, ಉಪವಾಸ ಬಿದ್ದು ಸತ್ತರೆ ಯೇಸುವನ್ನು ಕಾಣುವಿರೆಂಬ ಬೋಧನೆಯನ್ನು ನಂಬಿದ 400ಕ್ಕೂ ಹೆಚ್ಚು ಜನರ ಶವಗಳು ದೊರೆತವು.

ಆದ್ದರಿಂದ ಇದು ನಗುವ ವಿಷಯವಲ್ಲ. “ಬೇರೆಯವರ ಹುಚ್ಚು” ಎಂದು ಕೈತೊಳೆದುಕೊಳ್ಳುವ ವಿಷಯವೂ ಅಲ್ಲ.

ನಮ್ಮ ಮನೆಯಲ್ಲೂ

ಈ ಕಾಯಿಲೆ ಕ್ರೈಸ್ತರಲ್ಲಿ ಮೊದಲಿನಿಂದಲೂ ಉಂಟು. ಸಂತ ಪೌಲರ ಕಾಲದಲ್ಲೇ ಥೆಸಲೋನಿಕದ ಕ್ರೈಸ್ತರು ಪ್ರಭುವಿನ ದಿನ ಬಂದೇಬಿಟ್ಟಿತೆಂದು ತಳಮಳಗೊಂಡಿದ್ದರು. ಪೌಲರ ಹೆಸರಿನಲ್ಲಿ ಬಂದ ಪತ್ರವೊಂದರ ಮಾತನ್ನೂ ನಂಬಬೇಡಿರೆಂದು ಪೌಲರೇ ತಮ್ಮ ಎರಡನೆಯ ಪತ್ರದಲ್ಲಿ ಎಚ್ಚರಿಸಬೇಕಾಯಿತು (2:1-3). ಕೆಲಸ ಬಿಟ್ಟು ಅಲೆಯುತ್ತಿದ್ದವರಿಗೆ, ಸುಮ್ಮನೆ ಕೆಲಸ ಮಾಡಿ ತಮ್ಮ ಅನ್ನ ತಾವು ಸಂಪಾದಿಸಿಕೊಳ್ಳಲು ಆಜ್ಞೆ ಮಾಡಿದರು (3:10-12). ಎರಡು ಸಾವಿರ ವರ್ಷಗಳ ಹಿಂದಿನ ಈ ಪತ್ರ ನಿನ್ನೆ ಬರೆದ ಹಾಗಿದೆ.

ಮಧ್ಯಯುಗದಲ್ಲಿ ಫಿಯೋರೆಯ ಜೋವಾಕಿಂ ಎಂಬ ಮಠಾಧಿಪತಿಯ ಬರಹಗಳನ್ನು ಹಿಡಿದು, 1260ರಲ್ಲಿ ಹೊಸ ಯುಗ ಬರುವುದೆಂದು ಅನೇಕರು ಕಾದರು. ಇಂಥವುಗಳಿಂದ ಬೇಸತ್ತ ಧರ್ಮಸಭೆ, ಐದನೆಯ ಲ್ಯಾಟರನ್ ಮಹಾಸಭೆಯಲ್ಲಿ, 1516ರ ಡಿಸೆಂಬರ್ 19ರಂದು ಒಂದು ಕಟ್ಟಪ್ಪಣೆ ಹೊರಡಿಸಿತು: ಕ್ರಿಸ್ತವಿರೋಧಿಯ ಬರವಿಗಾಗಲಿ ಅಂತಿಮ ತೀರ್ಪಿಗಾಗಲಿ ನಿಶ್ಚಿತ ಕಾಲವನ್ನು ಯಾವ ಬೋಧಕನೂ ಸಾರಕೂಡದು.

ಆದರೂ ‘ಮೂರು ದಿನ ಕತ್ತಲೆ ಕವಿಯುತ್ತದೆ, ಆಶೀರ್ವದಿಸಿದ ಮೇಣದ ಬತ್ತಿ ಮಾತ್ರ ಉರಿಯುತ್ತದೆ’ ಎಂಬ ಮಾತು ಕಥೋಲಿಕರ ನಡುವೆ ಓಡಾಡುತ್ತಲೇ ಬಂದಿದೆ. ಹಿಂದೆ ಕೈಬರಹದ ಚೀಟಿಯಲ್ಲಿ ಬರುತ್ತಿದ್ದದ್ದು, “ಇದನ್ನು ಹತ್ತು ಜನರಿಗೆ ಕಳುಹಿಸಿ” ಎಂಬ ಬಾಲದೊಂದಿಗೆ ಈಗ ವಾಟ್ಸಾಪಿನಲ್ಲಿ ಬರುತ್ತದೆ. ಮೇಣದ ಬತ್ತಿ ಪವಿತ್ರವಾದದ್ದೇ. ಆದರೆ ಹೆದರಿಕೆಯಿಂದ ಕೊಂಡ ಬತ್ತಿ ಭಕ್ತಿಯ ಗುರುತಲ್ಲ. ಖಾಸಗಿ ದರ್ಶನಗಳು ವಿಶ್ವಾಸದ ಭಂಡಾರಕ್ಕೆ ಸೇರಿದವಲ್ಲವೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ (67). ಅದೇ ಗ್ರಂಥದ 673ನೆಯ ಕ್ರಮಾಂಕ, ಪ್ರಭುವಿನ ಬರವು ಯಾವ ಗಳಿಗೆಯಲ್ಲಾದರೂ ಆಗಬಹುದು, ಆದರೆ ಕಾಲವನ್ನು ತಿಳಿಯುವುದು ನಮ್ಮ ಪಾಲಿಗೆ ಬಿಟ್ಟದ್ದಲ್ಲ ಎನ್ನುತ್ತದೆ.

ಪ್ರಭು ಹೇಳಿದ್ದೇನು?

ಆ ದಿನವಾಗಲಿ ಗಳಿಗೆಯಾಗಲಿ ಪಿತನ ಹೊರತು ಯಾರಿಗೂ ತಿಳಿಯದೆಂದು ಯೇಸು ಸ್ಪಷ್ಟವಾಗಿ ಹೇಳಿದ್ದಾರೆ (ಮತ್ತಾಯ 24:36). ಸ್ವರ್ಗಾರೋಹಣದ ಮುನ್ನ ಶಿಷ್ಯರು ಮತ್ತೆ ಕೇಳಿದಾಗಲೂ, ಕಾಲ ಸಮಯಗಳನ್ನು ತಿಳಿಯುವುದು ನಿಮ್ಮ ಕೆಲಸವಲ್ಲ, ನೀವು ನನಗೆ ಸಾಕ್ಷಿಗಳಾಗಿರಿ ಎಂಬುದೇ ಉತ್ತರ (ಪ್ರೇಷಿತರ ಕಾರ್ಯಕಲಾಪಗಳು 1:7-8). ಕೇಳಿದ್ದು ತಾರೀಖು, ಸಿಕ್ಕಿದ್ದು ಕೆಲಸ.

ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿ. ಹತ್ತು ಮಂದಿ ಕನ್ಯೆಯರಲ್ಲಿ ಜಾಣೆಯರಿಗೂ ಮದುವಣಿಗ ಬರುವ ಹೊತ್ತು ಗೊತ್ತಿರಲಿಲ್ಲ. ಎಲ್ಲರಿಗೂ ನಿದ್ದೆ ಬಂತು. ಆದರೆ ಜಾಣೆಯರ ಬಳಿ ಎಣ್ಣೆಯಿತ್ತು. ತಲೆಂತುಗಳ ಕಥೆಯಲ್ಲಿ ಧಣಿ ಬರುವುದು ತಡವಾಯಿತು. ಆ ತಡವನ್ನು ದುಡಿಮೆಗೆ ಬಳಸಿಕೊಂಡವರನ್ನು ಅವನು ಮೆಚ್ಚಿದ, ಹೆದರಿ ನೆಲದಲ್ಲಿ ಹೂತಿಟ್ಟವನನ್ನು ಮೆಚ್ಚಲಿಲ್ಲ. ಕೊನೆಗೆ ತೀರ್ಪಿನ ದಿನದ ಪ್ರಶ್ನೆಗಳನ್ನು ನೋಡಿ: ಹಸಿದವನಿಗೆ ಉಣ್ಣಲು ಕೊಟ್ಟೆಯಾ? ಪರದೇಶಿಗೆ ಆಶ್ರಯ ಕೊಟ್ಟೆಯಾ? ರೋಗಿಯನ್ನು ನೋಡಲು ಹೋದೆಯಾ? ತಾರೀಖು ಸರಿಯಾಗಿ ಹೇಳಿದೆಯಾ ಎಂಬ ಪ್ರಶ್ನೆ ಅಲ್ಲಿಲ್ಲ.

ಇನ್ನೊಂದು ಮಾತು. ದಿನ ಗೊತ್ತುಮಾಡಿ ಸಾರಿದ ಪ್ರವಾದಿಯೊಬ್ಬ ಬೈಬಲಿನಲ್ಲೂ ಇದ್ದಾನೆ. ನಲವತ್ತು ದಿನಗಳಲ್ಲಿ ನಿನೆವೆ ನಾಶವಾಗುವುದೆಂದು ಯೋನ ಸಾರಿದ. ಜನ ಮನಸ್ಸು ತಿರುಗಿಸಿದರು, ನಗರ ಉಳಿಯಿತು. ತನ್ನ ಮಾತು ನಡೆಯಲಿಲ್ಲವೆಂದು ಯೋನನಿಗೆ ಸಿಟ್ಟು ಬಂತು. ಲಕ್ಷಕ್ಕೂ ಮಿಕ್ಕ ಜನರಿರುವ ಊರಿನ ಮೇಲೆ ತಾನು ಮರುಕಪಡಬಾರದೇ ಎಂದು ದೇವರು ಅವನನ್ನು ಕೇಳಿದರು. ದೇವರಿಗೆ ಮುಖ್ಯವಾದದ್ದು ಜನ ಬದುಕುವುದು. ಲೋಕ ಉಳಿದುಕೊಂಡಿತಲ್ಲಾ ಎಂದು ಬೇಸರಪಡುವ ಭಕ್ತಿಯ ಬಗ್ಗೆ ನಾವು ಸಂಶಯ ಪಡಲೇಬೇಕು. ತಡವಾಗುವುದು ದೇವರ ತಾಳ್ಮೆ ಎಂದು ಸಂತ ಪೇತ್ರರೂ ಬರೆದಿದ್ದಾರೆ (2 ಪೇತ್ರ 3:9).

ಮನೆಯಲ್ಲಿ ನಾವೇನು ಮಾಡೋಣ?

1. ಮಕ್ಕಳ ಪ್ರಶ್ನೆಯನ್ನು ಗದರಿಸಿ ಮುಚ್ಚಬೇಡಿ. ಕುಳಿತು ಕೇಳಿ. “ಇದನ್ನು ಹೇಳಿದವರು ಮೊದಲೂ ಏನಾದರೂ ದಿನ ಹೇಳಿದ್ದರೋ? ಆಗ ಏನಾಯಿತು?” ಎಂದು ಒಟ್ಟಿಗೆ ವಿಚಾರಿಸಿ. ಪ್ರವಾದಿಯ ಮಾತು ನಡೆಯದಿದ್ದರೆ ಅದು ದೇವರಿಂದ ಬಂದದ್ದಲ್ಲವೆಂಬ ಪರೀಕ್ಷೆಯನ್ನು ಧರ್ಮೋಪದೇಶಕಾಂಡವೇ ಕೊಟ್ಟಿದೆ (18:21-22).

2. ಯಾರಾದರೂ ದೇವರ ಹೆಸರಿನಲ್ಲಿ “ಓದು ಬಿಡು, ಆಸ್ತಿ ಮಾರು, ಔಷಧಿ ನಿಲ್ಲಿಸು, ಮನೆಯವರ ಜೊತೆ ಮಾತು ಬಿಡು” ಎಂದರೆ ಅಲ್ಲಿಗೇ ನಿಲ್ಲಿ. ವಿಚಾರಣಾ ಗುರುಗಳನ್ನೋ ತಿಳಿದ ಹಿರಿಯರನ್ನೋ ಕೇಳದೆ ಹೆಜ್ಜೆ ಇಡಬೇಡಿ.

3. ಯುದ್ಧ, ಭೂಕಂಪ, ಹೊಸ ರೋಗಗಳ ಸುದ್ದಿ ಬಂದಾಗಲೆಲ್ಲ ‘ಗುರುತು’ ಹುಡುಕಬೇಡಿ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಆಗ ಬೇಕಾದದ್ದು ಕಾಯಿಲೆ ಉಣುಗುಗಳಿಂದ ಹರಡುತ್ತದೆಂದು ಪತ್ತೆ ಮಾಡಿದವರು, ರೋಗಿಗಳ ಪಕ್ಕ ಕುಳಿತವರು.

4. ಇಂಥ ಗುಂಪಿಗೆ ಹೋಗಿ ಮರಳಿ ಬಂದವರನ್ನು “ನಾನು ಆಗಲೇ ಹೇಳಿರಲಿಲ್ಲವೇ?” ಎಂದು ಚುಚ್ಚಬೇಡಿ. ಆ ಒಂದು ಮಾತಿಗೆ ಹೆದರಿಯೇ ಎಷ್ಟೋ ಜನ ಮರಳುವುದಿಲ್ಲ. ಹಾದಿ ತಪ್ಪಿದವನನ್ನು ಶತ್ರುವೆಂದು ಕಾಣದೆ ಸಹೋದರನೆಂದು ತಿದ್ದಲು ಪೌಲರು ಅದೇ ಪತ್ರದಲ್ಲಿ ಕಲಿಸಿದ್ದಾರೆ (3:15). ಊಟಕ್ಕೆ ಕರೆಯಿರಿ. ಮಾತು ತಾನಾಗಿ ಬರುತ್ತದೆ.

5. ಮನೆಯ ಸಣ್ಣ ವಿಷಯಗಳಲ್ಲೂ “ನಾನು ತಪ್ಪಿದೆ” ಎನ್ನುವುದನ್ನು ದೊಡ್ಡವರೇ ಮೊದಲು ರೂಢಿ ಮಾಡಿಕೊಳ್ಳೋಣ. ಅಪ್ಪ ತನ್ನ ತಪ್ಪನ್ನು ಒಪ್ಪಿಕೊಂಡದ್ದನ್ನು ಕಂಡ ಮಗು, ಎಂದೂ ತಪ್ಪದ ಗುರುವನ್ನು ಹುಡುಕಿಕೊಂಡು ಹೋಗುವ ಸಂಭವ ಕಡಿಮೆ.

ಮನೆಮಂದಿ ಕೂಡಿ ಚರ್ಚಿಸಲು: (ಅ) ನಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಸುದ್ದಿಯಿಂದ ಭಯವಾಗಿದೆಯೇ? (ಆ) ಮುಳುಗಡೆಯ ಕಾಲದಲ್ಲಿ ನಮ್ಮ ಹಿರಿಯರಿಗೆ ಯಾರು ನೆರವಾದರು? (ಇ) ಪ್ರಭು ಇಂದು ರಾತ್ರಿಯೇ ಬಂದರೆ ನಾವು ಯಾರೊಡನೆ ರಾಜಿಯಾಗಬೇಕು? ಅದನ್ನು ನಾಳೆಗೆ ಏಕೆ ಇಟ್ಟಿದ್ದೇವೆ?

ಕಾಯುವುದನ್ನು ಬಲ್ಲವರು

ಕಾಯುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಲಿಂಗನಮಕ್ಕಿಯ ಹಿನ್ನೀರು ದಾರಿ ಕಡಿದ ಮೇಲೆ ತುಮರಿ ಕಡೆಯವರು ಒಂದು ಸೇತುವೆಗಾಗಿ ಅರುವತ್ತು ವರ್ಷ ಕಾದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ತೆರೆದದ್ದು 2025ರ ಜುಲೈ 14ರಂದು. ಅಷ್ಟು ವರ್ಷ ಅವರು ಕೈಕಟ್ಟಿ ಕೂತಿರಲಿಲ್ಲ. ಲಾಂಚಿನಲ್ಲಿ ದಾಟಿದರು, ಮಕ್ಕಳನ್ನು ಓದಿಸಿದರು, ಗದ್ದೆ ನಟ್ಟಿ ಮಾಡಿದರು, ಸೇತುವೆ ಬೇಕೆಂದು ಕೇಳುವುದನ್ನೂ ಬಿಡಲಿಲ್ಲ. ನಿರೀಕ್ಷೆಯೆಂದರೆ ಇದೇ.

ಅಡಿಕೆ ಸಸಿ ನೆಟ್ಟವನಿಗೆ ಫಸಲು ಕೈಗೆ ಬರಲು ಐದಾರು ವರ್ಷವಾದರೂ ಬೇಕು. ಅಷ್ಟರವರೆಗೆ ತಾನಿರುವೆನೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಆದರೂ ನೆಡುತ್ತಾನೆ, ಬೇಸಿಗೆಯಲ್ಲಿ ನೀರು ಹಾಯಿಸುತ್ತಾನೆ. ತಾನು ಉಣ್ಣದಿದ್ದರೆ ಮಕ್ಕಳು ಉಣ್ಣುತ್ತಾರೆ.

ಇನ್ನು ಆ ಮಗಳ ಪ್ರಶ್ನೆಗೆ ಉತ್ತರ. ಅಮ್ಮ ಅವಳ ಪಕ್ಕ ಕುಳಿತು ಹೀಗೆ ಹೇಳಬಹುದು: “ಪ್ರಭು ಬರುವುದು ನಿಜ, ಮಗಳೇ. ಯಾವಾಗ ಅಂತ ನನಗೆ ಗೊತ್ತಿಲ್ಲ, ಆ ವೀಡಿಯೋದವರಿಗೂ ಗೊತ್ತಿಲ್ಲ. ಬಂದಾಗ ನೀನು ಓದುತ್ತಾ ಇದ್ದರೆ, ನಾನು ಅಡಿಗೆ ಮಾಡುತ್ತಾ ಇದ್ದರೆ, ಅವರಿಗೆ ಸಂತೋಷವೇ ಆಗುತ್ತದೆ. ಈಗ ಪುಸ್ತಕ ತೆಗೆ. ಅನ್ನ ಆಗುವವರೆಗೆ ನಾನೂ ಇಲ್ಲೇ ಕೂತಿರುತ್ತೇನೆ.”